ಹನ್ನೆರಡು ಅಡಿಯ ಫ್ಲೆಕ್ಸು, ಅಂಗೈಯಗಲದ ಪರದೆ

"ವೆಬ್‌ಸೈಟಿಗೆ ಬ್ಯಾನರ್ ಕಳಿಸಿದ್ದೇನೆ, ಹಾಕಿಬಿಡಿ ಮಾರಾಯ್ರೆ" ಎಂದು ನಮ್ಮ ಕಡೆಯ ಸಹಕಾರ ಸಂಘವೊಂದರ ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದಾಗ ಸಂಜೆ ಐದಾಗಿತ್ತು. ಫೈಲು ಇಳಿದು ಮುಗಿಯುವಷ್ಟರಲ್ಲಿ ನನ್ನ ಚಹಾ ಮುಗಿದಿತ್ತು. ತೆರೆದು ನೋಡಿದರೆ ಸಂಘದ ವಾರ್ಷಿಕ ಮಹಾಸಭೆಗೆಂದು ಮಾಡಿಸಿದ್ದ ಫ್ಲೆಕ್ಸು. ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂತಾದ್ದರಿಂದ ಇದನ್ನು ಬಟ್ಟೆಯ ಮೇಲೆ ಮುದ್ರಿಸಿದ್ದರಂತೆ, ಬಾಯಲ್ಲಿ ಮಾತ್ರ ಇನ್ನೂ ಫ್ಲೆಕ್ಸೇ. ಹನ್ನೆರಡಡಿ ಅಗಲ, ನಾಲ್ಕಡಿ ಎತ್ತರ. ಎಡಮೂಲೆಯಲ್ಲಿ ಸಿದ್ಧನಗೌಡ ಪಾಟೀಲರು. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದವರು ಅವರು, ಸಹಕಾರಿಗಳ ಬ್ಯಾನರಿನಲ್ಲಿ ಅವರಿಗೊಂದು ಮೂಲೆ ಇದ್ದೇ ಇರಬೇಕು. ಬಲಮೂಲೆಯಲ್ಲಿ ಸಂಘದ ಲಾಂಛನ, ನಡುವೆ ಕಟ್ಟಡ, ಕಟ್ಟಡದ ಮೇಲೆ ಮೂರು ಬಣ್ಣದ ಅಂಚಿರುವ ಅಕ್ಷರಗಳಲ್ಲಿ ಸಂಘದ ಪೂರ್ತಿ ಹೆಸರು. ಕೆಳಗೆ ಈ ತುದಿಯಿಂದ ಆ ತುದಿಗೆ ಹದಿಮೂರು ಜನ ನಿರ್ದೇಶಕರು, ಎಲ್ಲರ ಹೆಗಲ ಮೇಲೂ ಶಾಲು, ನಟ್ಟನಡುವೆ ಏಳನೆಯವರಾಗಿ ಅಧ್ಯಕ್ಷರು.

"ಸೈಜ್ ಸಾಕಲ್ವಾ? ದೊಡ್ಡದೇ ಕೊಡು ಅಂತ ಡಿಟಿಪಿ ಹುಡುಗನಿಗೆ ಹೇಳಿದ್ದೆ."

ಸಾಕೇ ಸಾಕಾಗಿತ್ತು. ಇಂಚಿಗೆ 72 ಚುಕ್ಕಿಯ ಲೆಕ್ಕದಲ್ಲಿ ಹನ್ನೆರಡಡಿ ಎಂದರೆ 10,368 ಪಿಕ್ಸೆಲ್, ನಾಲ್ಕಡಿ ಎಂದರೆ 3,456. ಗುಣಿಸಿದರೆ ಮೂರೂವರೆ ಕೋಟಿಗೂ ಮೇಲೆ. ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇರುವುದೇ 1920 ಅಡ್ಡ, 1080 ಉದ್ದ, ಅಂದರೆ ಇಪ್ಪತ್ತು ಲಕ್ಷ ಚಿಲ್ಲರೆ. ಹದಿನೇಳು ಮಾನಿಟರುಗಳಿಗೆ ಹಾಸಿ ಹೊದೆಯುವಷ್ಟು ಚಿತ್ರವನ್ನು ಒಂದು ಪುಟದ ತಲೆಪಟ್ಟಿಗೆ ಹಾಕಬೇಕಾಗಿತ್ತು.

ಫ್ಲೆಕ್ಸಿನ ಅಂಗಡಿಯಲ್ಲಿ "ಸೈಜ್ ಎಷ್ಟು?" ಎಂಬ ಪ್ರಶ್ನೆಗೆ ಒಂದೇ ಉತ್ತರ. ಹನ್ನೆರಡಕ್ಕೆ ನಾಲ್ಕು ಎಂದರೆ ನಲವತ್ತೆಂಟು ಚದರಡಿ, ಚದರಡಿಗೆ ಇಷ್ಟು ರೂಪಾಯಿ, ಮುಗಿಯಿತು. ಕತ್ತರಿಸುವವನು ಒಮ್ಮೆ ಕತ್ತರಿಸಿದ ಮೇಲೆ ನೂರು ಜನ ನೋಡಿದರೂ ಅದು ಹನ್ನೆರಡಡಿಯೇ. ವೆಬ್‌ಸೈಟಿನಲ್ಲಿ ಕತ್ತರಿ ನೋಡುವವರ ಕೈಯಲ್ಲಿದೆ. ಬ್ಯಾಂಕಿನ ಮ್ಯಾನೇಜರು ಅಗಲ ಮಾನಿಟರಿನಲ್ಲಿ ನೋಡುತ್ತಾರೆ, ಬೆಂಗಳೂರಿನಲ್ಲಿರುವ ಮಗ ಲ್ಯಾಪ್‌ಟಾಪಿನಲ್ಲಿ, ಅಡಿಕೆ ತೋಟದಲ್ಲಿ ನಿಂತ ಅಪ್ಪ ಫೋನಿನಲ್ಲಿ. ಒಂದೇ ಚಿತ್ರ ಮೂರು ಕಡೆ ಮೂರು ಆಕಾರಕ್ಕೆ ಕತ್ತರಿಸಿಕೊಳ್ಳುತ್ತದೆ. ಹಾಗಾಗಿ "ಬ್ಯಾನರ್ ಸೈಜ್ ಎಷ್ಟಿರಬೇಕು" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು "ಯಾರು, ಯಾವುದರಲ್ಲಿ ನೋಡುತ್ತಾರೆ" ಅಂತ. ಒಂದೇ ಅಂಕಿ ಸಾಕಾಗುತ್ತಿದ್ದ ಕಾಲವೂ ಇತ್ತೆನ್ನಿ. 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ಎಂಬ ಅಮೆರಿಕದ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಮೊದಲ ಬ್ಯಾನರ್ ಜಾಹೀರಾತು ಬಂದಾಗ ಅದರ ಅಳತೆ 468ಕ್ಕೆ 60 ಪಿಕ್ಸೆಲ್. ಆಗಿನ ಸಾಮಾನ್ಯ ಮಾನಿಟರಿನ ಅಗಲವೇ 640. ಎಲ್ಲರ ಕಿಟಕಿಯೂ ಹೆಚ್ಚುಕಮ್ಮಿ ಒಂದೇ ಆಗಿದ್ದರಿಂದ ಪರದೆಯನ್ನೂ ಒಂದೇ ಅಳತೆಗೆ ಹೊಲಿಯಬಹುದಿತ್ತು.

ಆ 72ರ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಡಿಟಿಪಿ ಹುಡುಗ ಅದನ್ನೇ ಹಿಡಿದು ಕೂತಿದ್ದ. "ಸರ್, ವೆಬ್‌ಗೆ 72 ಡಿಪಿಐ ಇರ್ಬೇಕು ಅಂತಾರೆ, ನಂದು 72 ಇದೆ." 1984ರ ಆಪಲ್ ಮ್ಯಾಕಿಂಟಾಷ್ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು, ಅಚ್ಚುಮೊಳೆಯವರ ಪಾಯಿಂಟ್ ಲೆಕ್ಕಕ್ಕೆ ಹೊಂದಲಿ ಎಂದು. ಆ ಅಂಕಿ ಇವತ್ತಿಗೂ ಜನರ ತಲೆಯಿಂದ ಇಳಿದಿಲ್ಲ. ಬ್ರೌಸರು ಫೈಲಿನೊಳಗೆ ಬರೆದ ಡಿಪಿಐ ನೋಡಿ ಅಳತೆ ಹಾಕುವುದಿಲ್ಲ, ಅದು ಎಣಿಸುವುದು ಪಿಕ್ಸೆಲ್ಲುಗಳನ್ನು. ಅಲ್ಲಿ 72 ಇದ್ದರೂ 300 ಇದ್ದರೂ 1920 ಪಿಕ್ಸೆಲ್ಲಿನ ಚಿತ್ರ 1920 ಪಿಕ್ಸೆಲ್ಲಿನದೇ.

ಆ ಫ್ಲೆಕ್ಸನ್ನೇ 1920ಕ್ಕೆ 640ರ ಅಳತೆಗೆ ಇಳಿಸಿ, ಅಗಲಕ್ಕೂ ಎತ್ತರಕ್ಕೂ ಮೂರಕ್ಕೊಂದರ ಪ್ರಮಾಣ ಕೆಡದಂತೆ ನೋಡಿಕೊಂಡು, ಮೊದಲು ಪ್ರಯೋಗದ ಪುಟದಲ್ಲಿ ಹಾಕಿದೆ. ನನ್ನ ಮೇಜಿನ ಮಾನಿಟರಿನಲ್ಲಿ ಚೆಂದವಾಗೇ ಬಂತು. ಕಾರ್ಯದರ್ಶಿಗಳು ಮಾತ್ರ ಫೋನಿನಲ್ಲಿ ತೆರೆದರು. ಅವರೊಬ್ಬರೇ ಅಲ್ಲ, ಆ ಸಂಘದ ಸದಸ್ಯರು ಹೆಚ್ಚಿನವರು ನೋಡುವುದೂ ಫೋನಿನಲ್ಲೇ.

ಫೋನಿನ ಅಗಲವನ್ನು ಬ್ರೌಸರು ಸುಮಾರು 360 ಎಂದು ಲೆಕ್ಕ ಹಿಡಿಯುತ್ತದೆ. ನಮ್ಮ ಪುಟದ ವಿನ್ಯಾಸದಲ್ಲಿ ಫೋನಿನ ತಲೆಪಟ್ಟಿಗೆ 400ರ ಎತ್ತರ ಇಟ್ಟಿದ್ದೆವು. ಜಾಗ ಖಾಲಿ ಬಿಡದೆ ತುಂಬು ಎಂದು ಹೇಳಿದರೆ ಬ್ರೌಸರು ಚಿತ್ರವನ್ನು ಎತ್ತರ 400 ಆಗುವಂತೆ ಹಿಗ್ಗಿಸಿ ಕುಗ್ಗಿಸಿ, ಅಗಲದಲ್ಲಿ ಮಿಕ್ಕಿದ್ದನ್ನು ಎರಡೂ ಕಡೆ ಕತ್ತರಿಸಿ ಎಸೆಯುತ್ತದೆ. ಎತ್ತರ 400 ಆದರೆ ಅಗಲ 1200. ಕಾಣುವುದು 360, ಅಂದರೆ ನೂರಕ್ಕೆ ಮೂವತ್ತು. ಕಣಗಿನಹಾಳದ ಪಾಟೀಲರೂ ಹೋದರು, ಲಾಂಛನವೂ ಹೋಯಿತು. ನಿರ್ದೇಶಕರಲ್ಲಿ ನಡುವಿನ ಮೂವರು ಪೂರ್ತಿ ಉಳಿದರು, ಅವರ ಆಚೀಚೆ ಅರ್ಧರ್ಧ ಮುಖದ ಇಬ್ಬರು. ಐದನೆಯವರ ಒಂದು ಕಿವಿ, ಅರ್ಧ ಮೀಸೆ ಮತ್ತು ಶಾಲಿನ ಜರಿ ಕಾಣುತ್ತಿತ್ತು. "ಇದೇನ್ರೀ, ಬೋರ್ಡ್ ಸೂಪರ್‌ಸೀಡ್ ಆದ ಹಾಗಿದೆ" ಎಂದರು ಕಾರ್ಯದರ್ಶಿಗಳು. ಉಳಿದ ಎಂಟು ಜನ ಎಂಟು ಊರಿನವರು, ಚುನಾವಣೆ ಮುಂದಿನ ವರ್ಷ. ಕಾರ್ಯದರ್ಶಿಗಳ ಆತಂಕ ಸಣ್ಣದಾಗಿರಲಿಲ್ಲ.

ಕತ್ತರಿಸದೆ ಪೂರ್ತಿ ತೋರಿಸು ಎಂದರೂ ಬ್ರೌಸರು ಕೇಳುತ್ತದೆ. ಆಗ 360 ಅಗಲಕ್ಕೆ 120 ಎತ್ತರ, ಹೆಬ್ಬೆರಳು ಅಡ್ಡ ಇಟ್ಟರೆ ಮುಚ್ಚಿಹೋಗುವ ಪಟ್ಟಿ. ದೊಡ್ಡ ಪರದೆಯಲ್ಲಿ 40 ಪಿಕ್ಸೆಲ್ ಎತ್ತರ ಇದ್ದ ಅಕ್ಷರ ಇಲ್ಲಿ ಏಳೂವರೆಗೆ ಇಳಿಯಿತು. ಇಂಗ್ಲಿಷ್ ಅಕ್ಷರವಾದರೆ ಹೇಗೋ ಕಣ್ಣು ಕಿರಿದು ಮಾಡಿ ಓದಬಹುದು. "ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ನಿಯಮಿತ" ಎಂಬ ಸಾಲನ್ನು ಏಳೂವರೆ ಪಿಕ್ಸೆಲ್ಲಿನಲ್ಲಿ ಓದಿ ನೋಡಿ. ಪ್ರಾ ಕೆಳಗಿನ ರಕಾರ, ಕೃ ಕೆಳಗಿನ ವಟ್ರಸುಳಿ, ತ್ತಿ ಕೆಳಗಿನ ಒತ್ತು ಮೂರೂ ಸೇರಿ ಇರುವೆ ಸಾಲಾಗುತ್ತವೆ. ನಮ್ಮ ಲಿಪಿಗೆ ಮೇಲೆ ಕೆಳಗೆ ಎರಡೂ ಕಡೆ ಜಾಗ ಬೇಕು, ಕುಗ್ಗಿಸಿದಾಗ ಮೊದಲು ಸಾಯುವುದು ಒತ್ತಕ್ಷರವೇ.

ಇದಕ್ಕಿಂತ ವಿಚಿತ್ರವಾದ ಸಂಗತಿ ಒಂದಿದೆ, ಈ ಕೆಲಸಕ್ಕೆ ಹೊಸಬರಾದವರು ಇದನ್ನು ನಂಬುವುದೇ ಇಲ್ಲ. ದೊಡ್ಡ ಮಾನಿಟರಿನಲ್ಲಿ ಸ್ಪಷ್ಟವಾಗಿದ್ದ ಚಿತ್ರ ಚಿಕ್ಕ ಫೋನಿನಲ್ಲಿ ಮಸುಕಾಗುತ್ತದೆ. ಚಿಕ್ಕದರಲ್ಲಿ ಇನ್ನೂ ಚೂಪಾಗಿ ಕಾಣಬೇಕಲ್ಲವೇ ಎನಿಸುತ್ತದೆ. ಫೋನು ತನ್ನ ಅಗಲ 360 ಎಂದು ಹೇಳಿಕೊಂಡರೂ ಗಾಜಿನ ಕೆಳಗೆ ಅಡ್ಡಲಾಗಿ ನಿಜಕ್ಕೂ ಇರುವುದು 1080 ಚುಕ್ಕಿ. ಒಂದು ಲೆಕ್ಕದ ಪಿಕ್ಸೆಲ್ಲಿಗೆ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು. ಈ ಪದ್ಧತಿ ಜನಪ್ರಿಯವಾದದ್ದು 2010ರ ಐಫೋನ್ 4ರಿಂದ. ಅದಕ್ಕೂ ಹಿಂದಿನ ಐಫೋನಿಗೂ ಪರದೆ ಒಂದೇ ಮೂರೂವರೆ ಇಂಚು, ಚುಕ್ಕಿಗಳು ಮಾತ್ರ 320ಕ್ಕೆ 480 ಇದ್ದದ್ದು 640ಕ್ಕೆ 960 ಆದವು. ಈಗ ನಮ್ಮ ಬ್ಯಾನರಿಗೆ ಬನ್ನಿ. ಫೋನಿನಲ್ಲಿ 400 ಎತ್ತರದ ಜಾಗ ಎಂದರೆ ನಿಜದ 1200 ಚುಕ್ಕಿ. ನಮ್ಮ ಚಿತ್ರದ ಎತ್ತರ 640. ಆರುನೂರ ನಲವತ್ತನ್ನು ಸಾವಿರದಿನ್ನೂರಕ್ಕೆ ಎಳೆದರೆ ಅಧ್ಯಕ್ಷರ ಮುಖ ಮಂಜಿನಲ್ಲಿ ನಿಂತಂತೆ ಕಾಣದೆ ಇನ್ನು ಹೇಗೆ ಕಂಡೀತು? ಅಗಲ ಎಷ್ಟಿದ್ದರೂ ಪ್ರಯೋಜನವಿಲ್ಲ, ಫೋನಿಗೆ ಬೇಕಿದ್ದದ್ದು ಎತ್ತರ. ನಾವು ಅಗಲವನ್ನು ಧಾರಾಳವಾಗಿ ಕೊಟ್ಟು ಎತ್ತರದಲ್ಲಿ ಜಿಪುಣತನ ಮಾಡಿದ್ದೆವು.

ಇದಕ್ಕೆ ಇರುವ ದಾರಿ ಎರಡು ಬೇರೆ ಬೇರೆ ಚಿತ್ರ. ಮೇಜಿನ ಮೇಲಿನ ಪರದೆಗೆ ಅಡ್ಡ ಚಿತ್ರ, ಫೋನಿಗೆ ಚೌಕ ಅಥವಾ ತುಸು ಉದ್ದನೆಯದು. 2014ರಲ್ಲಿ ಬ್ರೌಸರುಗಳಿಗೆ ಬಂದ ಪಿಕ್ಚರ್ ಎಂಬ ಟ್ಯಾಗ್ ಇರುವುದು ಇದಕ್ಕೇ. ಪರದೆ ಇಷ್ಟಕ್ಕಿಂತ ಕಿರಿದಾಗಿದ್ದರೆ ಈ ಫೈಲು, ಇಲ್ಲದಿದ್ದರೆ ಆ ಫೈಲು ಎಂದು ಅದರಲ್ಲಿ ಬರೆದಿಟ್ಟರೆ ಬ್ರೌಸರು ತನಗೆ ಬೇಕಾದ ಒಂದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಕೆಲವರು ಎರಡನ್ನೂ ಪುಟದಲ್ಲಿ ಸುಮ್ಮನೆ ಇಟ್ಟು, ಫೋನಿನಲ್ಲಿ ಒಂದನ್ನು ಮರೆಮಾಡುತ್ತಾರೆ. ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಮರೆಯಾದ ಚಿತ್ರವೂ ಪೂರ್ತಿ ಇಳಿದಿರುತ್ತದೆ, ಡೇಟಾ ಹೋಗಿರುತ್ತದೆ.

ಇನ್ನು ಎತ್ತರದ ಪ್ರಶ್ನೆ, ಇದು ತಂತ್ರಜ್ಞಾನದ್ದಲ್ಲ, ಮರ್ಯಾದೆಯದ್ದು. ಕಾರ್ಯದರ್ಶಿಗಳಿಗೆ ಬ್ಯಾನರು ಭರ್ಜರಿಯಾಗಿ ಕಾಣಬೇಕಿತ್ತು. ಅವರ ಕಚೇರಿಯ ಲ್ಯಾಪ್‌ಟಾಪು 1366ಕ್ಕೆ 768ರದ್ದು. ಬ್ರೌಸರಿನ ಮೇಲ್ಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಕಳೆದರೆ ಪುಟಕ್ಕೆ ಸಿಗುವ ಎತ್ತರ ಸುಮಾರು 640. ಮೂರಕ್ಕೊಂದರ ಬ್ಯಾನರು ಅಲ್ಲಿ 455 ತಿನ್ನುತ್ತದೆ, ಹತ್ತರಲ್ಲಿ ಏಳು ಪಾಲು. ಆ ಸಂಘದ ಪುಟಕ್ಕೆ ಬರುವವರು ಯಾತಕ್ಕೆ ಬರುತ್ತಾರೆ? ಇವತ್ತಿನ ಅಡಿಕೆ ದರ ಏನು, ಗೊಬ್ಬರ ಬಂತಾ, ಬೆಳೆಸಾಲಕ್ಕೆ ಯಾವ ಕಾಗದ ಬೇಕು, ಕಚೇರಿಯ ಫೋನ್ ನಂಬರೇನು. ಇವೆಲ್ಲ ಬ್ಯಾನರಿನ ಕೆಳಗೆ, ಬೆರಳಲ್ಲಿ ಉಜ್ಜಿದ ಮೇಲೆ. ಮನೆಗೆ ಬಂದವರನ್ನು ಜಗಲಿಯಲ್ಲೇ ನಿಲ್ಲಿಸಿಕೊಂಡು ಹಿರಿಯರ ಪಟ ತೋರಿಸಿದ ಹಾಗೆ. ಮದುವೆ ಛಾಯಾಗ್ರಾಹಕನ ತಾಣಕ್ಕೆ, ಹೋಮ್‌ಸ್ಟೇಗೆ, ರೇಷ್ಮೆ ಸೀರೆಯ ಅಂಗಡಿಗೆ ಪರದೆ ತುಂಬುವ ಚಿತ್ರ ಬೇಕು, ಅಲ್ಲಿ ಚಿತ್ರವೇ ಸರಕು. ಅಂಥವರು 2560 ಅಗಲದ ಚಿತ್ರವನ್ನೇ ಹಾಕಲಿ. ಸಹಕಾರ ಸಂಘಕ್ಕೆ, ಶಾಲೆಗೆ, ಗ್ರಂಥಾಲಯಕ್ಕೆ ನಾಲ್ಕಕ್ಕೊಂದರ ತೆಳುಪಟ್ಟಿ ಧಾರಾಳ ಸಾಕು. ಅದೇ ಲ್ಯಾಪ್‌ಟಾಪಿನಲ್ಲಿ ಅದು 340ಕ್ಕೆ ನಿಲ್ಲುತ್ತದೆ, ಕೆಳಗೆ ಅಡಿಕೆ ದರ ಕಾಣುತ್ತದೆ.

ತೂಕದ ಮಾತು. ಆ ಫ್ಲೆಕ್ಸಿನ ಜೆಪೆಗ್ ಫೈಲು 18 ಎಂಬಿ ಇತ್ತು. ಒಂದು ಬೈಟಿಗೆ ಎಂಟು ಬಿಟ್, ಹದಿನೆಂಟೆಂಟಲೆ ನೂರ ನಲವತ್ತನಾಲ್ಕು. ಸೆಕೆಂಡಿಗೆ 2 ಮೆಗಾಬಿಟ್ ಸಿಗುವ ಕಡೆ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅಷ್ಟು ಸಿಕ್ಕರೆ ಪುಣ್ಯ, ಅದು ಇಳಿಯಲು 72 ಸೆಕೆಂಡು ಬೇಕು. ಅದೇ ಚಿತ್ರ 150 ಕೆಬಿ ಇದ್ದರೆ ಒಂದು ಸೆಕೆಂಡೂ ಬೇಡ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಒಳ್ಳೆಯದು ಎನ್ನುವುದು ಗೂಗಲ್ 2020ರಲ್ಲಿ ಪ್ರಕಟಿಸಿದ ಅಳತೆಗೋಲು. ಹೆಚ್ಚಿನ ಪುಟಗಳಲ್ಲಿ ಮೊದಲ ನೋಟಕ್ಕೆ ಸಿಗುವ ಅತಿ ದೊಡ್ಡ ಭಾಗ ಈ ಬ್ಯಾನರೇ ಆದ್ದರಿಂದ ಪುಟದ ವೇಗ ಎಂದರೆ ಬ್ಯಾನರಿನ ವೇಗ. ಫೈಲನ್ನು ಒತ್ತಿ ಚಿಕ್ಕದು ಮಾಡಿದರೂ ಪಿಕ್ಸೆಲ್ ಇಳಿಸದಿದ್ದರೆ ಇನ್ನೊಂದು ಕಷ್ಟ ಉಳಿಯುತ್ತದೆ. ಫೋನು ಚಿತ್ರವನ್ನು ಬಿಚ್ಚಿ ತೋರಿಸುವಾಗ ಪ್ರತಿ ಪಿಕ್ಸೆಲ್ಲಿಗೂ ನಾಲ್ಕು ಬೈಟು ಜಾಗ ಹಿಡಿಯುತ್ತದೆ. ಮೂರೂವರೆ ಕೋಟಿ ಪಿಕ್ಸೆಲ್ಲಿಗೆ 140 ಎಂಬಿಗೂ ಮೀರಿದ ಮೆಮೊರಿ, ಒಂದೇ ಒಂದು ತಲೆಪಟ್ಟಿಗೆ. ಅಗ್ಗದ ಫೋನು ಏದುಸಿರು ಬಿಡುವುದು ಸುಮ್ಮನೆ ಅಲ್ಲ.

ಫೈಲಿನ ಬಗೆ ಯಾವುದಿರಬೇಕು ಎನ್ನುವುದಕ್ಕೆ ಹೆಚ್ಚು ಮಾತು ಬೇಡ. ಛಾಯಾಚಿತ್ರಕ್ಕೆ ಜೆಪೆಗ್ ಅಥವಾ ಗೂಗಲ್ 2010ರಲ್ಲಿ ತಂದ ವೆಬ್‌ಪಿ, ಎರಡನೆಯದು ಅದೇ ಗುಣಕ್ಕೆ ಹಗುರ. ಪಿಎನ್‌ಜಿ ಬೇಕಾದದ್ದು ಲಾಂಛನದಂಥ ಸಪಾಟು ಬಣ್ಣದ ಚಿತ್ರಕ್ಕೆ, ಛಾಯಾಚಿತ್ರಕ್ಕೆ ಬಳಸಿದರೆ ತೂಕ ಹಲವು ಪಟ್ಟು. ಮುದ್ರಣಕ್ಕೆಂದು ಸಿಎಂವೈಕೆ ಬಣ್ಣದಲ್ಲಿ ಉಳಿಸಿದ ಫೈಲನ್ನು ಆರ್‌ಜಿಬಿಗೆ ಬದಲಿಸದೆ ಹಾಕಬೇಡಿ, ಅಡಿಕೆ ಹಸಿರು ಬೇರೆಯೇ ಹಸಿರಾಗಬಹುದು. ವಾಟ್ಸ್‌ಆಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರ ದಾರಿಯಲ್ಲೇ ಸೊರಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಒಮ್ಮೆ ಕಳೆದುಕೊಂಡ ಪಿಕ್ಸೆಲ್ಲನ್ನು ಹಿಗ್ಗಿಸಿ ಮರಳಿ ತರಲಾಗುವುದಿಲ್ಲ. ಹಾಂ, ಮತ್ತೊಂದು. ಪುಟದ ಕೋಡಿನಲ್ಲಿ ಚಿತ್ರದ ಅಗಲ ಎತ್ತರ ಬರೆದಿಡಬೇಕು. ಬರೆಯದಿದ್ದರೆ ಬ್ರೌಸರು ಜಾಗ ಕಾಯ್ದಿಡುವುದಿಲ್ಲ. ಚಿತ್ರ ತಡವಾಗಿ ಬಂದು ಕೂತಾಗ ಕೆಳಗಿನದೆಲ್ಲ ದಡಕ್ಕನೆ ಜಾರುತ್ತದೆ, ನೀವು "ಸಾಲದ ಅರ್ಜಿ" ಒತ್ತಲು ಹೋಗಿ "ಷೇರು ವಾಪಸಾತಿ" ಒತ್ತಿರುತ್ತೀರಿ.

ಅಕ್ಷರಗಳನ್ನು ಚಿತ್ರದೊಳಗೇ ಕೂರಿಸುವ ನಮ್ಮ ಅಭ್ಯಾಸಕ್ಕೆ ಒಂದು ಚರಿತ್ರೆಯಿದೆ, ಅದನ್ನು ನಾನು ಹೀಗಳೆಯಲಾರೆ. ಯೂನಿಕೋಡಿನಲ್ಲಿ ಕನ್ನಡ 1991ರಲ್ಲೇ ಸೇರಿತ್ತು. ಆದರೆ ಮೇಜಿನ ಮೇಲಿನ ಕಂಪ್ಯೂಟರಿಗೆ ಅದು ತಲುಪಲು ವರ್ಷಗಳು ಹಿಡಿದವು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಂದಿಗೆ ಬಂದ ಮೇಲೂ ನಾವು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲೇ ಟೈಪು ಮಾಡುತ್ತಿದ್ದೆವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು. ಕನ್ನಡವನ್ನು ಕನ್ನಡವಾಗಿಯೇ ತೋರಿಸಬೇಕಾದರೆ ಚಿತ್ರ ಮಾಡಿ ಹಾಕುವುದೊಂದೇ ಉಪಾಯವಾಗಿತ್ತು. ನಾನೂ ಹಾಗೆ ಎಷ್ಟೋ ಮಾಡಿದ್ದೇನೆ. ಈಗ ಆ ಅಡಚಣೆ ಇಲ್ಲ, ಅಭ್ಯಾಸ ಉಳಿದುಕೊಂಡಿದೆ. ಡಿಟಿಪಿ ಅಂಗಡಿಯಲ್ಲಿ ಕೋರಲ್ ಡ್ರಾದಲ್ಲಿ ಇವತ್ತೂ ನುಡಿ ಫಾಂಟೇ ಓಡುತ್ತಿದೆ. ಚಿತ್ರದೊಳಗಿನ ಹೆಸರು ಗೂಗಲ್‌ನ ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲಾರದು. ಅದರೊಳಗಿನ ಫೋನ್ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ. ಚಿತ್ರ ಚಿತ್ರವಾಗಿರಲಿ, ಹೆಸರನ್ನು ಅದರ ಮೇಲೆ ನಿಜವಾದ ಅಕ್ಷರಗಳಲ್ಲಿ ಬರೆಯಿರಿ. ಆಗ ಚಿತ್ರ ಎಷ್ಟು ಕುಗ್ಗಿದರೂ ಅಕ್ಷರ ಕುಗ್ಗುವುದಿಲ್ಲ, ಎರಡು ಸಾಲಾಗಿ ಮಡಚಿಕೊಳ್ಳುತ್ತದೆ. ಒಂದು ಎಚ್ಚರಿಕೆ ಇದೆ. ಸಿದ್ಧ ವಿನ್ಯಾಸಗಳಲ್ಲಿ ಶೀರ್ಷಿಕೆಯ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಹೊಂದುವಂತೆ ಬಿಗಿಯಾಗಿ ಇಟ್ಟಿರುತ್ತಾರೆ. ಕನ್ನಡ ಹಾಕಿದಾಗ ಮೇಲ್ಸಾಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರದ ಒಂದೂವರೆ ಪಟ್ಟು ಅಂತರ ಕೊಟ್ಟರೆ ಉಸಿರಾಡುತ್ತದೆ.

ಎರಡು ಚಿತ್ರ ಹಾಕಲು ಬಿಡದ ಜಾಗಗಳೂ ಇವೆ. ಯೂಟ್ಯೂಬ್ ಚಾನೆಲ್ಲಿನ ಬ್ಯಾನರು ಹಾಗೆ. ಕನಿಷ್ಠ 2048ಕ್ಕೆ 1152ರ ಚಿತ್ರ ಕೊಡಿ ಎನ್ನುವ ಯೂಟ್ಯೂಬು, ಆ ಅಳತೆಯಲ್ಲಿ ಅಕ್ಷರ ಮತ್ತು ಲಾಂಛನಕ್ಕೆ ಭದ್ರವಾದ ಜಾಗ ನಡುವಿನ 1235ಕ್ಕೆ 338 ಮಾತ್ರ ಎಂದೂ ಹೇಳುತ್ತದೆ. ಟಿವಿಯಲ್ಲಿ ನೋಡುವವರಿಗೆ ಪೂರ್ತಿ, ಉಳಿದವರಿಗೆ ನಡುವಿನ ಪಟ್ಟಿ. ಲೆಕ್ಕ ಹಾಕಿದರೆ ಆ ಭದ್ರವಾದ ಜಾಗ ಪೂರ್ತಿ ಚಿತ್ರದ ಆರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಉಳಿದ ಐದು ಪಾಲು ಆಕಾಶ, ತೋಟ, ಗೋಡೆ ಏನಾದರೂ ಇರಲಿ, ಹೋದರೂ ಯಾರೂ ಅಳದಂಥದು ಇರಲಿ. ನಾನು ಎಲ್ಲ ಬ್ಯಾನರಿಗೂ ಇದನ್ನೇ ಅನ್ವಯಿಸುತ್ತೇನೆ. ಛಾಯಾಗ್ರಾಹಕರಿಗೆ ಮೊದಲೇ ಹೇಳಿಬಿಡಬೇಕು, ಎರಡು ಹೆಜ್ಜೆ ಹಿಂದೆ ನಿಂತು ತೆಗೆಯಿರಿ, ಬೇಕಾದದ್ದು ನಡುವೆ ಇರಲಿ, ಸುತ್ತ ಬೇಡದ್ದು ಸಾಕಷ್ಟಿರಲಿ ಅಂತ. ಮದುವೆ ಮನೆಯಲ್ಲಿ ಪಳಗಿದ ಅವರಿಗೆ ಇದು ಒಗ್ಗುವುದಿಲ್ಲ, ಚೌಕಟ್ಟು ತುಂಬಿಸುವುದೇ ಅವರ ವಿದ್ಯೆ.

ಕೊನೆಗೆ ಸಂಘದ ಹೊಸ ಫೋಟೊ ತೆಗೆಸಿದೆವು. ಕಟ್ಟಡ, ಮುಂದೆ ಅಂಗಳದಲ್ಲಿ ಹರವಿದ ಅಡಿಕೆ, ಎಡಕ್ಕೆ ಖಾಲಿ ಆಕಾಶ. ಅದರಿಂದಲೇ ದೊಡ್ಡ ಪರದೆಗೆ 1920ಕ್ಕೆ 480, ಫೋನಿಗೆ ಬರೀ ಬಾಗಿಲು ಮತ್ತು ಅಡಿಕೆ ಇರುವ 840ಕ್ಕೆ 840ರ ಚೌಕ. ಫೋನಿನ ಮೂರು ಪಟ್ಟು ಚುಕ್ಕಿಗೆ ಎರಡು ಪಟ್ಟಿನ ಚಿತ್ರ ಕೊಟ್ಟರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ತೂಕದಲ್ಲಿ ಮಾತ್ರ ತಿಳಿಯುತ್ತದೆ. ಮೊದಲನೆಯದು 110 ಕೆಬಿ, ಎರಡನೆಯದು 70. ಡಿಟಿಪಿ ಹುಡುಗನಿಗೆ ಬ್ರೌಸರಿನ ಅಂಚು ಹಿಡಿದು ಕಿಟಕಿಯನ್ನು ಕಿರಿದು ಮಾಡುತ್ತಾ ಹೋಗಲು ತೋರಿಸಿಕೊಟ್ಟೆ. ಅಡ್ಡ ಚಿತ್ರ ಚೌಕಕ್ಕೆ ಬದಲಾಗುವ ಆ ಕ್ಷಣವನ್ನು ಅವನು ನಾಲ್ಕೈದು ಸಲ ಹಿಂದೆ ಮುಂದೆ ಎಳೆದು ನೋಡಿದ.

ಪಾಟೀಲರಿಗೆ ಸಂಘದ ಇತಿಹಾಸದ ಪುಟದಲ್ಲಿ ಜಾಗವಾಯಿತು. ಹದಿಮೂರು ನಿರ್ದೇಶಕರಿಗೆ "ಆಡಳಿತ ಮಂಡಳಿ" ಎಂಬ ಪುಟ, ಒಬ್ಬೊಬ್ಬರಿಗೂ 400ಕ್ಕೆ 400ರ ಒಂದೇ ಅಳತೆಯ ಚೌಕ, ಮೇಲಿನ ಸಾಲಿನಲ್ಲಿ ಅಧ್ಯಕ್ಷರು ಮತ್ತು ಉಪಾಧ್ಯಕ್ಷರು ಅಕ್ಕಪಕ್ಕ. ಎಲ್ಲರೂ ಒಪ್ಪಿದರು. ಒಂದು ವಾರ ಕಳೆದು ಉಪಾಧ್ಯಕ್ಷರ ಫೋನು ಬಂತು. ಕಂಪ್ಯೂಟರಿನಲ್ಲಿ ಅಧ್ಯಕ್ಷರ ಪಕ್ಕದಲ್ಲೇ ಇರುವ ತಾವು ಫೋನಿನಲ್ಲಿ ಅವರ ಕೆಳಗೆ ಬಂದಿರುವುದು ಏಕೆ ಎಂದು ಕೇಳಿದರು. ಪರದೆ ಕಿರಿದಾದಾಗ ಪಕ್ಕದ್ದು ಕೆಳಗೆ ಇಳಿಯುತ್ತದೆ ಎಂದು ವಿವರಿಸಿದೆ. "ಅದೆಲ್ಲ ಸರಿ, ಇಳಿಯೋದು ನಾನೇ ಯಾಕೆ?" ಎಂದರು. 360ರಲ್ಲಿ ಅಂಚು ಬಿಟ್ಟು ತಲಾ 160ರಂತೆ ಇಬ್ಬರಿಗೆ ಜಾಗ ಮಾಡಬಹುದಿತ್ತು, ಆ ರಾತ್ರಿಯೇ ಮಾಡಿ ಕೊಟ್ಟೆ.